ಫೆಂಡರ್ ಮೇಲೆ 427, ಒಳಗೆ 357: ಕೋಬ್ರಾ ಪ್ರತಿಕೃತಿಯೊಂದರ ಖರೀದಿ ಪ್ರಕರಣ

ಮಾರಾಟಕ್ಕೆ ನಿಂತಿರುವ ಗಾಡಿ ಹೀಗಿದೆ. 1960ರ ದಶಕದ ಕೋಬ್ರಾ ಎಂಬ ಸ್ಪೋರ್ಟ್ಸ್ ಕಾರಿನ ಪ್ರತಿಕೃತಿ, ಎರಡು ಸೀಟು, ಮೇಲ್ಛಾವಣಿ ಇಲ್ಲ. ಕಡುನೀಲಿ ಬಣ್ಣ, ಮೂತಿಯಿಂದ ಬಾಲದವರೆಗೆ ಎರಡು ಬಿಳಿ ಪಟ್ಟೆ, ಬಾಗಿಲ ಕೆಳಗೆ ಹೊರಗೇ ಹಾದುಹೋಗುವ ಸೈಲೆನ್ಸರ್ ಪೈಪು, ಫೆಂಡರ್ ಮೇಲೆ 427 ಎಂಬ ಬಿಲ್ಲೆ, ಅಂದರೆ ಕ್ಯೂಬಿಕ್ ಇಂಚಿನಲ್ಲಿ ಎಂಜಿನ್ನಿನ ಗಾತ್ರ. ಕಿಟ್ ಆಗಿ ಬಂದ ಚಾಸಿಗೆ ಮತ್ತು ಫೈಬರ್ ಬಾಡಿಗೆ ಮೊದಲ ಮಾಲೀಕ ಮನೆಯ ಶೆಡ್ಡಿನಲ್ಲೇ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಕೂಡಿಸಿದ್ದ. ಈಗ ಮಾರುತ್ತಿರುವವರು ಎರಡನೆಯವರು. ಮೀಟರ್‌ನಲ್ಲಿ 9,400 ಕಿಲೋಮೀಟರ್. ಜಾಹೀರಾತಿನಲ್ಲಿ ಇರುವುದು ಮೂರೇ ಮಾತು: 427 ಎಂಜಿನ್, 500 ಅಶ್ವಶಕ್ತಿ, ಯಾವ ಕೆಲಸವೂ ಬಾಕಿಯಿಲ್ಲ. ಕೊಳ್ಳುವವರಿಗೆ ವೇಗದ ಕಾರು ಹೊಸದಲ್ಲ, ಕಿಟ್ ಕಾರು ಮಾತ್ರ ಇದೇ ಮೊದಲು.

ಕೆದಕಿ ಕೇಳಿದ ಮೇಲೆ ಮಾರುವವರು ಒಂದು ಮಾತು ಸೇರಿಸುತ್ತಾರೆ: "2,500 ದಾಟಿದರೆ ಸ್ವಲ್ಪ ನಡುಕ ಇದೆ ಸಾರ್, ವಿ8 ಅಂದ್ರೆ ಹಾಗೇ ಅಲ್ವಾ."

ಹಾಗಲ್ಲ. 90 ಡಿಗ್ರಿ ಕೋನದ, ಅಡ್ಡ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟಿನ) ವಿ8 ಎಂಜಿನ್ ನುಣುಪಾಗಿ ತಿರುಗುವುದಕ್ಕೇ ಹೆಸರಾದದ್ದು. ಬಿರುಸಿನ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಹಾಕಿದ್ದರೆ ಐಡ್ಲಿಂಗ್‌ನಲ್ಲಿ ಕುಂಟಬಹುದು, ಆದರೆ ಆರ್‌ಪಿಎಂ ಏರಿದಂತೆ ಅದು ನಯವಾಗಬೇಕು. ಏರಿದಷ್ಟೂ ನಡುಕ ಹೆಚ್ಚುತ್ತಿದ್ದರೆ ಎಲ್ಲೋ ಸಲ್ಲದ ಜೋಡಣೆ ಆಗಿದೆ ಎಂದೇ ಅರ್ಥ. ಈ ಪ್ರಕರಣದ ತಿರುಳು ಆ ಒಂದು ಸಾಲಿನಲ್ಲಿದೆ.

427 ಅಂದರೆ ಯಾವ 427?

ಅಸಲಿ ಕೋಬ್ರಾ ಹುಟ್ಟಿದ್ದು 1962ರಲ್ಲಿ. ಇಂಗ್ಲೆಂಡಿನ ಎಸಿ ಕಾರ್ಸ್ ಕಂಪನಿಯ ಹಗುರ ಗಾಡಿಗೆ ಅಮೆರಿಕದ ಕ್ಯಾರಲ್ ಶೆಲ್ಬಿ ಫೋರ್ಡ್ ವಿ8 ಇಳಿಸಿದರು. ಮೊದಲು 260 ಕ್ಯೂಬಿಕ್ ಇಂಚು, ಬಳಿಕ 289. 1965ರ ಹೊತ್ತಿಗೆ ಪಟ್ಟಿ ಸ್ಪ್ರಿಂಗ್ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು, ಚಾಸಿಯ ಮುಖ್ಯ ಕೊಳವೆ 3 ಇಂಚಿನಿಂದ 4 ಇಂಚಿಗೆ ದಪ್ಪವಾಯಿತು, ಫೆಂಡರುಗಳು ಉಬ್ಬಿದವು, ಒಳಗೆ 427 ಕೂತಿತು. ಎಲ್ಲ ಸೇರಿ ತಯಾರಾದದ್ದು ಸುಮಾರು ಒಂದು ಸಾವಿರ ಗಾಡಿ. ಬೇಕೆನ್ನುವವರು ಅದರ ಎಷ್ಟೋ ಪಟ್ಟು ಇದ್ದುದರಿಂದ ಪ್ರತಿಕೃತಿಗಳ ಪೇಟೆಯೇ ಬೆಳೆಯಿತು.

ಜಾಹೀರಾತಿನ 427ಕ್ಕೆ ಕನಿಷ್ಠ ಮೂರು ಅರ್ಥಗಳಿವೆ. ಒಂದು, ಫೋರ್ಡಿನ ಎಫ್‌ಇ ಕುಟುಂಬದ ನಿಜವಾದ ದೊಡ್ಡ ಎಂಜಿನ್, ಬೋರ್ (ಸಿಲಿಂಡರಿನ ಅಗಲ) 4.23 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 3.78 ಇಂಚು. ಲೆಕ್ಕ ಹಾಕಿದರೆ ಬರುವುದು 425 ಕ್ಯೂಬಿಕ್ ಇಂಚು. ಹೆಸರಿನಲ್ಲಿ ಸತ್ಯ ಹಿಗ್ಗುವ ಚಾಳಿ ಆಗಲೇ ಇತ್ತು. ಎರಡು, ಚಿಕ್ಕ ವಿಂಡ್ಸರ್ ಎಂಜಿನ್ನಿನ ಮಾದರಿಯಲ್ಲೇ 4.125 ಇಂಚಿನ ಬೋರ್, 4 ಇಂಚಿನ ಸ್ಟ್ರೋಕ್ ಮಾಡಿ 427 ತೆಗೆದದ್ದು. ಇದಕ್ಕೆ ಹೊರಗಿನ ತಯಾರಕರ ದಪ್ಪ ಗೋಡೆಯ ಬ್ಲಾಕ್ ಬೇಕೇ ಬೇಕು. ಕಾರ್ಖಾನೆಯ 351 ವಿಂಡ್ಸರ್ ಬ್ಲಾಕನ್ನು ಅಷ್ಟು ಕೊರೆದರೆ ಸಿಲಿಂಡರ್ ಗೋಡೆ ಉಳಿಯುವುದಿಲ್ಲ. ಅದರಲ್ಲಿ 4.030 ಇಂಚಿಗೆ ಕೊರೆದು 4 ಇಂಚಿನ ಕ್ರ್ಯಾಂಕ್ ಹಾಕಿದರೆ 408. ಮೂರನೆಯದು, ಬರೀ ಬಾಡಿಯ ಆಕಾರ. ಉಬ್ಬಿದ ಫೆಂಡರ್ ಇದ್ದರೆ ಸಾಕು, ಒಳಗೆ ಏನೇ ಇರಲಿ, ಪೇಟೆ ಅದನ್ನು 427 ಎಂದೇ ಕರೆಯುತ್ತದೆ.

ಇದು ಯಾವುದು ಎಂದು ತಿಳಿಯಲು ಎಂಜಿನ್ ಬಿಚ್ಚಬೇಕಿಲ್ಲ. ಗಾಡಿಯನ್ನು ಲಿಫ್ಟಿಗೆ ಏರಿಸಿ, ಬ್ಲಾಕಿನ ಬಲಬದಿಯ ಹಿಂಭಾಗದಲ್ಲಿ, ಸ್ಟಾರ್ಟರ್ ಮೇಲಿನ ಜಾಗವನ್ನು ವೈರ್ ಬ್ರಶ್‌ನಿಂದ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿಯಬೇಕು. ಎರಕದ ಅಕ್ಷರಗಳು ಎದ್ದು ಕಾಣುತ್ತವೆ. ಇಲ್ಲಿ ಸಿಕ್ಕಿದ್ದು ಡಿ4ಎಇ-6015. ಫೋರ್ಡ್ ಲೆಕ್ಕದಲ್ಲಿ 6015 ಅಂದರೆ ಎಂಜಿನ್ ಬ್ಲಾಕ್. ಮೊದಲ ಅಕ್ಷರ ದಶಕ ಹೇಳುತ್ತದೆ: ಸಿ ಅಂದರೆ 1960ರ ದಶಕ, ಡಿ 1970ರದು, ಇ 1980ರದು, ಎಫ್ 1990ರದು. ಪಕ್ಕದ ಅಂಕೆ ವರ್ಷ. ಹಾಗಾಗಿ ಇದು 1974ರ ವಿನ್ಯಾಸದ 351 ವಿಂಡ್ಸರ್, ಕಾರ್ಖಾನೆಯ ಬ್ಲಾಕ್. 427 ಆಗುವ ಮಾತೇ ಇಲ್ಲ. ಫೈಲಿನಲ್ಲಿದ್ದ ಮಷಿನ್ ಶಾಪ್ ಬಿಲ್ ಉಳಿದ ಕತೆ ಮುಗಿಸಿತು: 4.030ಕ್ಕೆ ಕೊರೆತ, ಹೊಸ ಪಿಸ್ಟನ್, ಕ್ರ್ಯಾಂಕ್ ಹಳೆಯದೇ, ಅಂದರೆ ಸ್ಟ್ರೋಕ್ 3.50 ಇಂಚು. ಒಟ್ಟು 357 ಕ್ಯೂಬಿಕ್ ಇಂಚು, ಸುಮಾರು 5.85 ಲೀಟರ್. ಒಳ್ಳೆಯ ಹೆಡ್, ತಕ್ಕ ಕ್ಯಾಮ್ ಇದ್ದರೆ 350ರಿಂದ 400 ಅಶ್ವಶಕ್ತಿ ನಂಬಬಹುದು. 500 ಎನ್ನುವವರು ಡೈನೋ (ಶಕ್ತಿ ಅಳೆಯುವ ಯಂತ್ರ) ಕೊಟ್ಟ ಚೀಟಿ ತೋರಿಸಬೇಕು, ಅದು ಚಕ್ರದಲ್ಲಿ ಅಳೆದದ್ದೋ ಫ್ಲೈವೀಲ್‌ನಲ್ಲೋ ಎಂದೂ ಹೇಳಬೇಕು.

1,100 ಕಿಲೋ ಆಸುಪಾಸಿನ ಗಾಡಿಗೆ 370 ಅಶ್ವಶಕ್ತಿ ಧಾರಾಳ. ಸುಳ್ಳಾದದ್ದು ಎಂಜಿನ್ ಅಲ್ಲ, ಬಿಲ್ಲೆ. ಆದರೆ ಬೆಲೆ ಬಿಲ್ಲೆಯ ಮೇಲೆ ನಿಂತಿದೆ, ಮಾತುಕತೆ ಅಲ್ಲಿಂದಲೇ ಶುರುವಾಗಬೇಕು.

ಕಾಗದದ ವಿಷಯ ಚಿಕ್ಕದಾಗಿ. ಅಸಲಿ ಗಾಡಿಗಳ ಚಾಸಿ ನಂಬರು ಸಿಎಸ್‌ಎಕ್ಸ್ 2000 ಮತ್ತು 3000 ಸರಣಿಯವು. ಎಸಿ ಕಂಪನಿ ತಾನೇ ಮಾರಿದವಕ್ಕೆ ಸಿಒಬಿ, ಸಿಒಎಕ್ಸ್. ಪ್ರತಿಕೃತಿಯ ಡ್ಯಾಶ್‌ಬೋರ್ಡಿನಲ್ಲಿ ಇಂಥ ನಂಬರಿನ ಅಲಂಕಾರದ ಫಲಕ ಇದ್ದರೆ ನಕ್ಕು ಸುಮ್ಮನಾಗಬಹುದು, ನೋಂದಣಿ ಪತ್ರದಲ್ಲಿ ಇದ್ದರೆ ಕೈ ತೊಳೆದುಕೊಂಡು ಎದ್ದು ಬರಬೇಕು. ಚಾಸಿಗೆ ಒತ್ತಿದ ನಂಬರು, ಕಿಟ್ ತಯಾರಕರ ಬಿಲ್ಲಿನ ನಂಬರು, ನೋಂದಣಿ ಪತ್ರದ ನಂಬರು ಮೂರೂ ಒಂದೇ ಆಗಿರಬೇಕು. ತಯಾರಿಕೆಯ ವರ್ಷ 1965 ಎಂದು ಬರೆಸಿಕೊಂಡಿದ್ದರೆ ವಿಮೆ ಕೇಳುವ ದಿನ ಅದೇ ಉರುಳಾಗುತ್ತದೆ. ಈ ಗಾಡಿಯಲ್ಲಿ ಮೂರೂ ತಾಳೆಯಾದವು.

ನಡುಕದ ಮೂಲ

ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು ಎಂದು ಮೊದಲೇ ಹೇಳಿರಬೇಕು, ಹೋದ ತಕ್ಷಣ ಎಕ್ಸಾಸ್ಟ್ ಪೈಪು ಮುಟ್ಟಿ ನೋಡಬೇಕು. ಇಲ್ಲಿ ತಣ್ಣಗಿತ್ತು. ಎರಡು ಸಲ ಆಕ್ಸಿಲರೇಟರ್ ಒತ್ತಿ ಚಾವಿ ತಿರುಗಿಸಿದರೆ ಹೊತ್ತಿಕೊಂಡಿತು. ಬಿಸಿಯಾದ ಮೇಲೆ ಎಲ್ಲ ಪ್ಲಗ್ ತೆಗೆದು, ಕಾರ್ಬ್ಯುರೇಟರ್ ಪೂರ್ತಿ ತೆರೆದು ಮಾಡಿದ ಕಂಪ್ರೆಷನ್ ಪರೀಕ್ಷೆಯಲ್ಲಿ ಎಂಟೂ ಸಿಲಿಂಡರ್ 155ರಿಂದ 165 ಪಿಎಸ್‌ಐ ಒಳಗೆ. ಆಯಿಲ್ ಒತ್ತಡ ಪ್ರತಿ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಎಂಬ ಹಳೆಯ ಲೆಕ್ಕಕ್ಕಿಂತ ಮೇಲೆಯೇ. 1970ರ ದಶಕದ ಈ ಬ್ಲಾಕಿಗೆ ಕ್ಯಾಮ್ ಮೇಲೆ ಉಜ್ಜಿಕೊಂಡು ಓಡುವ ಚಪ್ಪಟೆ ತಳದ ಟ್ಯಾಪೆಟ್ ಇರುವುದರಿಂದ ಸತುವಿನ ಅಂಶ ಹೆಚ್ಚಿರುವ ಆಯಿಲ್ ಬೇಕು. ಈಗಿನ ಕಾರಿನ ಆಯಿಲ್ ಹಾಕಿ ಓಡಿಸಿದರೆ ಕ್ಯಾಮ್‌ನ ಉಬ್ಬು ಸವೆಯುತ್ತದೆ. ರಾಕರ್ ಮುಚ್ಚಳ ತೆಗೆದು, ಎಂಜಿನ್ ಕೈಯಲ್ಲಿ ತಿರುಗಿಸುತ್ತ ಹದಿನಾರೂ ರಾಕರ್ ಎಷ್ಟೆಷ್ಟು ಏಳುತ್ತವೆ ಎಂದು ಅಳೆದರೆ ಸವೆದದ್ದು ಸಿಕ್ಕಿಬೀಳುತ್ತದೆ. ಇಲ್ಲಿ ಎಲ್ಲವೂ ಸಮ.

ಹಾಗಾದರೆ ನಡುಕ? ಮೂರು ಸಣ್ಣ ಪರೀಕ್ಷೆಯಲ್ಲಿ ಜಾಗ ಗುರುತಿಸಬಹುದು. ಗಾಡಿ ನಿಂತಿರುವಾಗ ನ್ಯೂಟ್ರಲ್‌ನಲ್ಲಿ ನಿಧಾನವಾಗಿ 3,000ಕ್ಕೆ ಏರಿಸಿ. ನಡುಕ ಬಂತೆಂದರೆ ಪ್ರೊಪೆಲ್ಲರ್ ಶಾಫ್ಟ್, ಆಕ್ಸಲ್, ಚಕ್ರ ಮೂರೂ ನಿರಪರಾಧಿ, ಅವು ತಿರುಗುತ್ತಲೇ ಇಲ್ಲ. ಅದೇ ಆರ್‌ಪಿಎಂನಲ್ಲಿ ಕ್ಲಚ್ ಒತ್ತಿ. ಈಗ ಕ್ಲಚ್ ಪ್ಲೇಟೂ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟೂ ನಿಲ್ಲುತ್ತವೆ. ನಡುಕ ಬದಲಾಗದಿದ್ದರೆ ಉಳಿದದ್ದು ಕ್ರ್ಯಾಂಕ್, ಅದರ ಮುಂದಿನ ತುದಿಯ ಡ್ಯಾಂಪರ್ (ಅದುರು ತಗ್ಗಿಸುವ ಗಾಲಿ), ಹಿಂದಿನ ತುದಿಯ ಫ್ಲೈವೀಲ್ ಮತ್ತು ಅದಕ್ಕೆ ಅಂಟಿದ ಪ್ರೆಷರ್ ಪ್ಲೇಟ್. ಮೂರನೆಯದಾಗಿ ಫ್ಯಾನ್ ಬೆಲ್ಟ್ ಬಿಚ್ಚಿ ಕೆಲವೇ ಸೆಕೆಂಡು ಏರಿಸಿ ನೋಡಿದರೆ ಆಲ್ಟರ್ನೇಟರ್, ವಾಟರ್ ಪಂಪ್ ಕೂಡ ಪಟ್ಟಿಯಿಂದ ಹೊರಗೆ. ಮೂರರಲ್ಲೂ ಈ ಗಾಡಿ ಒಂದೇ ಥರ ನಡುಗಿತು. 2,800ರಲ್ಲಿ ಪಕ್ಕದ ಕನ್ನಡಿಯ ಬಿಂಬ ಕಲಸಿಹೋಗುತ್ತಿತ್ತು.

ಉತ್ತರ ಇದ್ದದ್ದು ಎರಡು ವರ್ಷ ಹಿಂದಿನ ಕ್ಲಚ್ ಕೆಲಸದ ಬಿಲ್ಲಿನಲ್ಲಿ. 'ಫ್ಲೈವೀಲ್, 157 ಹಲ್ಲು, 5.0 ಮಸ್ಟ್ಯಾಂಗ್' ಎಂಬ ಒಂದು ಸಾಲು.

ಫೋರ್ಡಿನ ಈ ಚಿಕ್ಕ ವಿ8 ಕುಟುಂಬದಲ್ಲಿ ಕ್ರ್ಯಾಂಕ್‌ಶಾಫ್ಟಿನ ತೂಕ ಅದರೊಳಗೇ ಪೂರ್ತಿ ಸರಿದೂಗುವುದಿಲ್ಲ. ಕೊರತೆ ಬಿದ್ದ ತೂಕವನ್ನು ಮುಂದಿನ ಡ್ಯಾಂಪರಿಗೂ ಹಿಂದಿನ ಫ್ಲೈವೀಲಿಗೂ ಬೇಕೆಂದೇ ಒಂದು ಪಕ್ಕಕ್ಕೆ ಕೊಟ್ಟಿರುತ್ತಾರೆ. 351 ವಿಂಡ್ಸರ್‌ಗೂ ಹಳೆಯ 302ಕ್ಕೂ ಈ ಅಳತೆ 28 ಔನ್ಸ್-ಇಂಚು, ಅಂದರೆ ನಡುವಿನಿಂದ ಒಂದು ಇಂಚು ದೂರದಲ್ಲಿ 28 ಔನ್ಸ್ ತೂಕದಷ್ಟು. 1980ರ ದಶಕದ ಆರಂಭದಿಂದ 302ಕ್ಕೆ, ಅಂದರೆ ಫೋರ್ಡಿನ 5.0 ಲೀಟರ್ ಮಸ್ಟ್ಯಾಂಗ್ ಕಾರಿಗೆ, ಅದು 50 ಆಯಿತು. ಬೋಲ್ಟಿನ ತೂತುಗಳು ಮಾತ್ರ ಬದಲಾಗಲಿಲ್ಲ. ಹಾಗಾಗಿ 50ರ ಫ್ಲೈವೀಲ್ 28ರ ಕ್ರ್ಯಾಂಕಿಗೆ ತಕರಾರಿಲ್ಲದೆ ಕೂರುತ್ತದೆ, ಸ್ಟಾರ್ಟರ್ ಹಲ್ಲು ಕಚ್ಚುತ್ತದೆ, ಎಂಜಿನ್ ಹೊತ್ತಿಕೊಳ್ಳುತ್ತದೆ, ಐಡ್ಲಿಂಗ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಅಂಗಡಿಯವನಿಗೆ 'ಫೋರ್ಡ್ ವಿ8, ಮಸ್ಟ್ಯಾಂಗ್ ಬೆಲ್‌ಹೌಸಿಂಗ್' (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಫ್ಲೈವೀಲ್ ಮುಚ್ಚುವ ಗಂಟೆಯಾಕಾರದ ಕವಚ) ಎಂದಷ್ಟೇ ಹೇಳಿದರೆ ಅವನು ಇದನ್ನೇ ಕೊಡುವುದು. ಅವನ ತಪ್ಪೂ ಅಲ್ಲ.

ಹೆಚ್ಚುವರಿ 22 ಔನ್ಸ್-ಇಂಚು ಎಷ್ಟು ಎಳೆಯುತ್ತದೆ ನೋಡಿ. 1,000 ಆರ್‌ಪಿಎಂನಲ್ಲಿ ಸುಮಾರು 18 ಕಿಲೋ ತೂಕದಷ್ಟು. ಈ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ 3,000ದಲ್ಲಿ ಒಂಬತ್ತು ಪಟ್ಟು, ಸುಮಾರು 160 ಕಿಲೋ. 5,000ದಲ್ಲಿ 440 ದಾಟುತ್ತದೆ. ಕ್ರ್ಯಾಂಕಿನ ತುದಿಯಲ್ಲಿ ಸುತ್ತುತ್ತಲೇ ಇರುವ ಈ ಎಳೆತವನ್ನು ತಡೆದುಕೊಳ್ಳುವುದು ಹಿಂದಿನ ಮೇನ್ ಬೇರಿಂಗ್. ಅದರ ಬೆನ್ನಿಗೇ ಇರುವ ಆಯಿಲ್ ಸೀಲ್ ಮೊದಲು ಒಸರಲು ಶುರುಮಾಡುತ್ತದೆ. ಬೆಲ್‌ಹೌಸಿಂಗ್‌ನ ಕೆಳ ಅಂಚಿನಲ್ಲಿ ಜೋತುಬಿದ್ದಿದ್ದ ಎಂಜಿನ್ ಆಯಿಲ್ ಹನಿ ಇದಕ್ಕೆ ಸಾಕ್ಷಿ. ಮಾರುವವರು ಅದನ್ನೂ 'ಹಳೇ ಫೋರ್ಡ್ ಅಂದ್ರೆ ಹಾಗೇ' ಎಂದಿದ್ದರು.

ಕೊಳ್ಳುವ ಮುಂಚೆ ಮೇನ್ ಬೇರಿಂಗ್‌ಗೆ ಏಟು ಬಿದ್ದಿದೆಯೇ ಎಂದು ನೋಡುವುದು ಅಗತ್ಯ. ಆಯಿಲ್ ಫಿಲ್ಟರನ್ನು ಅಡ್ಡ ಕತ್ತರಿಸಿ, ಒಳಗಿನ ಕಾಗದ ಹರವಿ ಬಿಸಿಲಿಗೆ ಹಿಡಿಯಬೇಕು. ತಾಮ್ರದ ಬಣ್ಣದ ಮಿನುಗು ಕಂಡರೆ ಬೇರಿಂಗಿನ ಮೇಲ್ಪದರ ಹೋಗಿ ಒಳಪದರ ತಲುಪಿದೆ. ಆಗ ಎಂಜಿನ್ ಪೂರ್ತಿ ಬಿಚ್ಚುವ ಲೆಕ್ಕ ಹಾಕಬೇಕು. ಇಲ್ಲಿ ಬೂದು ಬಣ್ಣದ ನುಣ್ಣನೆ ಹುಡಿ ಒಂದಿಷ್ಟು, ತಾಮ್ರ ಇಲ್ಲ. ಎರಡು ವರ್ಷದಲ್ಲಿ ಗಾಡಿ ಓಡಿದ್ದು 600 ಕಿಲೋಮೀಟರ್ ಮಾತ್ರ ಎಂಬುದು ಎಂಜಿನ್ನಿನ ಪುಣ್ಯ.

ಗೇರ್‌ಬಾಕ್ಸ್: ಇಂದಲ್ಲ, ನಾಳೆಯ ಖರ್ಚು

ಮಸ್ಟ್ಯಾಂಗ್ ಬೆಲ್‌ಹೌಸಿಂಗ್ ಇದೆ ಎಂದಾಗಲೇ ಗೇರ್‌ಬಾಕ್ಸ್ ಯಾವುದೆಂದು ಊಹಿಸಬಹುದಿತ್ತು. ಹಿಂಭಾಗದ ಹೌಸಿಂಗ್ ಬೋಲ್ಟಿಗೆ ಸಿಕ್ಕಿಸಿದ್ದ ಚಿಕ್ಕ ಲೋಹದ ಚೀಟಿಯಲ್ಲಿ 1352 ಎಂದು ಶುರುವಾಗುವ ನಂಬರು: ಬೋರ್ಗ್ ವಾರ್ನರ್ ಟಿ5, ಐದು ಗೇರು. ಹಗುರ, ಗೇರು ಹಾಕಲು ಸಲೀಸು. ಆದರೆ ಮಸ್ಟ್ಯಾಂಗ್‌ನದ್ದು ತಾಳುವ ಟಾರ್ಕ್ ಸುಮಾರು 300 ಪೌಂಡ್-ಅಡಿ, ಅಂದರೆ 407 ನ್ಯೂಟನ್ ಮೀಟರ್. ಗಟ್ಟಿಮುಟ್ಟಾದ ಝಡ್ ಮಾದರಿಗೆ 330. ಈ 357 ಎಂಜಿನ್ 400ರ ಆಸುಪಾಸು ಕೊಡುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಜೋಡಿ.

ಆದರೂ ಇದು ತಕ್ಷಣ ಮುರಿಯುತ್ತದೆ ಎಂದು ಹೆದರಿಸುವುದು ಸರಿಯಲ್ಲ. ಗಾಡಿ ಹಗುರ, ಹಳೆಯ ಗಟ್ಟಿ ಟಯರು ಜಾರಿಬಿಡುವುದರಿಂದ ಗೇರಿನ ಹಲ್ಲಿಗೆ ಪೂರ್ತಿ ಹೊರೆ ಬೀಳುವುದೇ ಇಲ್ಲ. ಅಪಾಯ ಶುರುವಾಗುವುದು ಹೊಸ ಮೆತ್ತನೆ ಟಯರು ಹಾಕಿದ ದಿನ. ಹಿಡಿತ ಬಂತು, ಕ್ಲಚ್ ಝಟ್ಟನೆ ಬಿಟ್ಟರು, ಹಲ್ಲು ಕಿತ್ತುಬಂತು. ಈ ಗಾಡಿಯ ಹಿಂದಿನ ಟಯರು 295/50 ಆರ್15, ಪಕ್ಕದಲ್ಲಿ ಒತ್ತಿದ ನಾಲ್ಕಂಕಿ 2311, ಅಂದರೆ 2011ರ 23ನೇ ವಾರದ್ದು. ಟ್ರೆಡ್ ಹೊಸದರಂತೆ ಕಂಡರೂ ರಬ್ಬರು ಕಲ್ಲಾಗಿದೆ. ಬದಲಿಸಲೇಬೇಕು, ಬದಲಿಸಿದರೆ ಗೇರ್‌ಬಾಕ್ಸಿನ ಆಯುಸ್ಸು ಕಡಿಮೆಯಾಗುತ್ತದೆ. ಪ್ರತಿಕೃತಿ ಗಾಡಿಯಲ್ಲಿ ಒಂದನ್ನು ಸರಿಮಾಡಿದರೆ ಪಕ್ಕದ್ದು ಕೆಮ್ಮುವುದು ಹೀಗೆ.

ಮುಂದೆ ಟ್ರೆಮೆಕ್ ಟಿಕೆಒ 600 ಥರದ ಗಟ್ಟಿ ಗೇರ್‌ಬಾಕ್ಸ್ ಹಾಕುವ ಯೋಚನೆ ಇದ್ದರೆ ಈಗಲೇ ನಿರ್ಧರಿಸುವುದು ಲೇಸು. ಟಿ5 ಇನ್‌ಪುಟ್ ಶಾಫ್ಟಿಗೆ ಕ್ಲಚ್ ಪ್ಲೇಟ್ ಕೂರುವ 10 ಗೀರು, ಟಿಕೆಒ 600ಕ್ಕೆ 26. ಇವತ್ತು ಕೊಂಡ ಕ್ಲಚ್ ಪ್ಲೇಟ್ ನಾಳೆ ಕೂರುವುದಿಲ್ಲ. ಟನೆಲ್ ಅಗಲ, ಕ್ರಾಸ್‌ಮೆಂಬರ್ ಜಾಗ, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಮೂರನ್ನೂ ಅಳೆದೇ ಮುಂದುವರಿಯಬೇಕು. ಕೋಬ್ರಾದ ವೀಲ್‌ಬೇಸ್ 90 ಇಂಚು ಮಾತ್ರ ಆದ್ದರಿಂದ ಆ ಶಾಫ್ಟು ಮೊಳದುದ್ದವೂ ಇರುವುದಿಲ್ಲ, ಗೇರ್‌ಬಾಕ್ಸ್ ಸ್ವಲ್ಪ ಎತ್ತರ ತಗ್ಗಾದರೂ ಜಾಯಿಂಟಿನ ಕೋನ ಸಿಕ್ಕಾಪಟ್ಟೆ ಬದಲಾಗುತ್ತದೆ. ಎರಡೂ ತುದಿಯ ಕೋನ ಸಮವಾಗಿ, ಎದುರುಬದುರಾಗಿ, 1ರಿಂದ 3 ಡಿಗ್ರಿ ಒಳಗಿರಬೇಕು.

ಬ್ರೇಕ್

ಕಾಲಿನ ಬಲ ಹೆಚ್ಚಿಸುವ ಸರ್ವೋ ಇಲ್ಲ, ಎಬಿಎಸ್ ಇಲ್ಲ. ಪೆಡಲ್ ಹಿಂದೆ ಎರಡು ಮಾಸ್ಟರ್ ಸಿಲಿಂಡರ್, ನಡುವೆ ಒತ್ತಡ ಹಂಚುವ ಅಡ್ಡ ಸರಳು. ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ ಗಟ್ಟಿಯಾಗಿ ಒತ್ತಿದಾಗ ಹಿಂದಿನ ಚಕ್ರ ಮೊದಲು ಕಚ್ಚಿ ಬಾಲ ಪಕ್ಕಕ್ಕೆ ಸರಿಯಿತು. ಮುಂದಿನದೇ ಮೊದಲು ಕಚ್ಚಬೇಕು. ಹಿಂದಿನದು ಕಚ್ಚಿದರೆ ಗಾಡಿ ಬುಗುರಿ.

ಸರಳಿನ ಹೊಂದಾಣಿಕೆ ಆಗಲೇ ಮುಂದಿನ ಬ್ರೇಕಿನ ಕಡೆಗೆ ಪೂರ್ತಿ ತಿರುಗಿಸಿಟ್ಟಿತ್ತು. ಯಾರೋ ಈ ದೋಷ ಕಂಡಿದ್ದಾರೆ, ಕಾರಣ ಹುಡುಕಿಲ್ಲ. ಸಿಲಿಂಡರ್ ಮೈಮೇಲೆ ಎರಕದಲ್ಲೇ ಅಳತೆ ಇತ್ತು: ಮುಂದಿನ ಬ್ರೇಕಿನದು ಮುಕ್ಕಾಲು ಇಂಚು, ಹಿಂದಿನದು 5/8 ಇಂಚು. ಒಂದೇ ಬಲ ಚಿಕ್ಕ ಸಿಲಿಂಡರಿನ ಮೇಲೆ ಬಿದ್ದರೆ ಹೆಚ್ಚು ಒತ್ತಡ ಹುಟ್ಟುತ್ತದೆ. ವಿಸ್ತೀರ್ಣ 285ಕ್ಕೆ 198 ಚದರ ಮಿಲಿಮೀಟರ್. ಹಿಂದಿನ ಬ್ರೇಕಿಗೆ 44 ಶೇಕಡಾ ಹೆಚ್ಚು ಒತ್ತಡ ಹೋಗುತ್ತಿದೆ. ಕಿಟ್ ಕೈಪಿಡಿ ಹೇಳಿದ್ದು ಇದರ ತಿರುಗುಮುರುಗು. ಕೂಡಿಸುವಾಗ ಎಡದ್ದು ಬಲಕ್ಕೆ ಹೋಗಿದೆ, ಅಷ್ಟೇ. ಅದಲು ಬದಲು ಮಾಡಿ, ಸರಳನ್ನು ಮತ್ತೆ ನಡುವಿಗೆ ತಂದು, ಗಾಳಿ ತೆಗೆದು, ಪೆಡಲ್ ಎಷ್ಟು ಇಳಿಯುತ್ತದೆ ಎಂದು ನೋಡಬೇಕು. ಮುಂದೆ ಚಿಕ್ಕ ಸಿಲಿಂಡರ್ ಬಂದದ್ದರಿಂದ ಇಳಿತ ಸ್ವಲ್ಪ ಹೆಚ್ಚುತ್ತದೆ. ಪೈಪು ಪುಟ್ಟದಾಗಿ ಬಗ್ಗಿಸಬೇಕಾದ ಅರ್ಧ ದಿನದ ಕೆಲಸ. ಆದರೆ ಇಷ್ಟು ವರ್ಷ ಈ ಗಾಡಿ ಮಳೆಯಲ್ಲಿ ಗಿರಕಿ ಹೊಡೆಯದೆ ಉಳಿದದ್ದು ಅದೃಷ್ಟ.

ಉಳಿದದ್ದು

ಫೈಬರ್ ಬಾಡಿಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಪ್ರತಿ ದೀಪಕ್ಕೂ ಚಾಸಿಯವರೆಗೆ ಅರ್ತ್ ವೈರ್ ಎಳೆಯಬೇಕು. ಪರೀಕ್ಷೆ ಸುಲಭ: ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿ ಮೀಟರುಗಳನ್ನು ನೋಡಿ. ಇಲ್ಲಿ ನೀರಿನ ಉಷ್ಣತೆಯ ಮುಳ್ಳು ತಟ್ಟನೆ 10 ಡಿಗ್ರಿ ಜಿಗಿಯಿತು. ನೀರು ಒಂದು ಕ್ಷಣದಲ್ಲಿ ಬಿಸಿಯಾಗುವುದಿಲ್ಲ. ಮೀಟರೂ ದೀಪವೂ ಒಂದೇ ಬಡಪಾಯಿ ಅರ್ತ್ ಹಂಚಿಕೊಂಡಿವೆ. ಹೊಸ ದಪ್ಪ ವೈರ್ ಎಳೆದರೆ ಮುಗಿಯಿತು. ಎಂಜಿನ್ ಬ್ಲಾಕಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ, ಸ್ಟಾರ್ಟರ್ ತಿರುಗುವಾಗ, 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಬ್ಯಾಟರಿ ಡಿಕ್ಕಿಯಲ್ಲಿದ್ದರೆ ಇದು ಇನ್ನೂ ಮುಖ್ಯ.

ಬಾಡಿಯಲ್ಲಿ ಬಾಗಿಲ ಹಿಂಜ್ ಸುತ್ತ ನಕ್ಷತ್ರದಂಥ ಕೂದಲೆಳೆ ಬಿರುಕು. ಅದು ಬಣ್ಣದ ದೋಷವಲ್ಲ, ಒಳಗೆ ಹಿಂಜ್ ಬೋಲ್ಟ್ ಸಡಿಲಿ ಬಾಗಿಲ ಭಾರ ಫೈಬರ್ ಮೇಲೆ ಬಿದ್ದದ್ದು. ಮೇಲಿಂದ ಬಣ್ಣ ಬಳಿದರೆ ಆರು ತಿಂಗಳಲ್ಲಿ ಮತ್ತೆ ಮೂಡುತ್ತದೆ. ಚಾಸಿಯಲ್ಲಿ ಬೆಸುಗೆ ಒಡೆದಿಲ್ಲ. ವೀಲ್‌ಬೇಸ್ ಎಡಬಲ ಅಳೆದಾಗ 3 ಮಿಲಿಮೀಟರ್ ವ್ಯತ್ಯಾಸ, ಚಿಂತೆ ಬೇಡ. ರೋಲ್ ಬಾರ್ ಮಾತ್ರ ಕೈ ಹಾಕಿ ನೋಡಬೇಕು: ಎಷ್ಟೋ ಗಾಡಿಗಳಲ್ಲಿ ಅದು ಬರೀ ಫೈಬರಿಗೆ ಬೋಲ್ಟ್ ಮಾಡಿದ ಆಭರಣ. ಇಲ್ಲಿ ಚಾಸಿಗೆ ಇಳಿದಿತ್ತು.

ಚಕ್ರದ ನಡುವಿನ ರೆಕ್ಕೆ ನಟ್ಟುಗಳ ತಿರುಪು ಎಡಕ್ಕೊಂದು ಬಲಕ್ಕೊಂದು ದಿಕ್ಕು. ನಟ್ಟಿನ ಮೇಲೆ ಬಾಣದ ಗುರುತಿರುತ್ತದೆ, ತೆಗೆಯುವಾಗ ಅದನ್ನು ನೋಡದೆ ಸುತ್ತಿಗೆ ಎತ್ತಬಾರದು.

ತೀರ್ಮಾನ ಹೇಗೆ ಬಂತು

ಒಂದು ಕಡೆ ಆರೋಗ್ಯವಾದ ಎಂಜಿನ್, ನೆಟ್ಟಗಿನ ಚಾಸಿ, ತಾಳೆಯಾದ ಕಾಗದ. ಇನ್ನೊಂದು ಕಡೆ ಸುಳ್ಳು ಬಿಲ್ಲೆ, ತಪ್ಪು ಫ್ಲೈವೀಲ್, ಅದಲು ಬದಲಾದ ಸಿಲಿಂಡರ್, ಮುದಿ ಟಯರು. ಕೊಳ್ಳುವ ಕಡೆಗೆ ತಕ್ಕಡಿ ವಾಲಿದ್ದಕ್ಕೆ ಕಾರಣ ಇವು ಯಾವುವೂ ಅಲ್ಲ. ಮೊದಲ ಮಾಲೀಕ ಬಿಟ್ಟುಹೋದ ಒಂದು ನೋಟ್‌ಬುಕ್ಕು ಫೈಲಿನಲ್ಲಿತ್ತು: ಮುಂದಿನ ಕ್ಯಾಲಿಪರ್ ಯಾವ ಕಾರಿನದು, ಹಿಂದಿನ ಡಿಸ್ಕ್ ಯಾವುದರದು, ಸ್ಟಿಯರಿಂಗ್ ರ‍್ಯಾಕ್ ಎಲ್ಲಿಂದ ಬಂತು, ಕಾರ್ಬ್ಯುರೇಟರ್ ಜೆಟ್ ಎಷ್ಟನೆಯದು, ಜೊತೆಗೆ ಬಾಡಿ ಕೂರಿಸುವ ಮುಂಚಿನ ಚಾಸಿಯ ಫೋಟೊಗಳು. ಇದಿಲ್ಲದಿದ್ದರೆ ಒಂದು ಜೊತೆ ಬ್ರೇಕ್ ಪ್ಯಾಡ್ ತರುವುದೂ ಪತ್ತೇದಾರಿ ಕೆಲಸವಾಗುತ್ತದೆ. ಫ್ಲೈವೀಲ್ ತಪ್ಪಿದ್ದೂ ಎರಡನೆಯ ಮಾಲೀಕರು ಆ ನೋಟ್‌ಬುಕ್ ತೆರೆಯದೆ ಅಂಗಡಿಗೆ ಹೋದದ್ದರಿಂದ; '28 ಔನ್ಸ್ ಮಾತ್ರ' ಎಂದು ಅದರಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬರೆದಿತ್ತು.

ಬೆಲೆಯನ್ನು 427ರ ಗಾಡಿಯದಲ್ಲ, 351 ವಿಂಡ್ಸರ್ ಗಾಡಿಯದೆಂದು ಮಾತಾಡಿ, ಗೇರ್‌ಬಾಕ್ಸ್ ಇಳಿಸುವ ಕೂಲಿ, ಫ್ಲೈವೀಲ್, ಕ್ಲಚ್, ಹಿಂದಿನ ಸೀಲ್, ನಾಲ್ಕು ಟಯರು ಇಷ್ಟನ್ನು ಕಳೆಯಲಾಯಿತು. ಮಾರಾಟ ಪತ್ರದಲ್ಲಿ ಎಂಜಿನ್ ಯಾವುದೆಂದು ಎರಕದ ನಂಬರಿನ ಸಮೇತ ಬರೆಸಿಕೊಂಡದ್ದು ಮುಂದೆ ಮಾರುವ ದಿನಕ್ಕೂ ಬೇಕು.

ಕೆಲಸದ ಕ್ರಮದಲ್ಲಿ ಬ್ರೇಕ್ ಮೊದಲು, ಗಾಡಿ ರಸ್ತೆಗೆ ಇಳಿಯುವ ಮುಂಚೆಯೇ. ಆಮೇಲೆ ಗೇರ್‌ಬಾಕ್ಸ್ ಒಂದೇ ಸಲ ಇಳಿಸಿ 28 ಔನ್ಸ್-ಇಂಚಿನ, 157 ಹಲ್ಲಿನ ಫ್ಲೈವೀಲ್, ಹೊಸ ಬೋಲ್ಟುಗಳು, ಹಿಂದಿನ ಸೀಲ್, ಪೈಲಟ್ ಬೇರಿಂಗ್. ಬೆಲ್‌ಹೌಸಿಂಗ್ ವಾಪಸ್ ಕೂರಿಸಿದ ಮೇಲೆ, ಗೇರ್‌ಬಾಕ್ಸ್ ಸೇರಿಸುವ ಮೊದಲು, ಡಯಲ್ ಗೇಜನ್ನು ಫ್ಲೈವೀಲಿಗೆ ಕಟ್ಟಿ ನಡುವಿನ ದೊಡ್ಡ ತೂತಿನ ಅಂಚನ್ನು ಸುತ್ತ ಅಳೆಯಬೇಕು. ಮುಳ್ಳಿನ ಒಟ್ಟು ಓಟ 0.005 ಇಂಚು, ಅಂದರೆ 0.13 ಮಿಲಿಮೀಟರ್ ಮೀರಿದರೆ ನಡು ಸರಿಸಿದ ಡೋವೆಲ್ (ಜೋಡಣೆಯ ಗೂಟ) ಹಾಕಿ ಸರಿಪಡಿಸಬೇಕು. ಟಿ5 ಸದ್ಯಕ್ಕೆ ಅದೇ ಇರಲಿ ಎಂದಾದರೆ ಅದರಲ್ಲಿ ಇರುವ ಆಯಿಲ್ ಯಾವುದೆಂದು ನೋಡಿ. ಟಿ5ನ ವರ್ಲ್ಡ್ ಕ್ಲಾಸ್ ಮಾದರಿಗೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಆಯಿಲ್) ಬೇಕು, ದಪ್ಪ ಗೇರ್ ಆಯಿಲ್ ಸುರಿದಿದ್ದರೆ ಸಿಂಕ್ರೊ ಹಾಳು. ಟಯರು ಕೊನೆಗೆ.

ಎಲ್ಲ ಮುಗಿದ ಮೇಲೆ ಮೊದಲಿನ ಪರೀಕ್ಷೆಯನ್ನೇ ಮತ್ತೆ ಮಾಡಬೇಕು: ನಿಂತಲ್ಲೇ, ನ್ಯೂಟ್ರಲ್‌ನಲ್ಲಿ, 2,800. ಪಕ್ಕದ ಕನ್ನಡಿಯಲ್ಲಿ ಹಿಂದೆ ನಿಂತ ಗಾಡಿಯ ನಂಬರ್ ಪ್ಲೇಟ್ ಓದಲು ಬರಬೇಕು.